ಪ್ರತಿಕ್ರಿಯೆ: ಚಳಿಗೆ ಸ್ಟಾರ್ಟ್ ಆಗದ ಹಳೆಯ ಮಾರುತಿ 800

ವಾರವಿಡೀ ನಿಲ್ಲಿಸಿದ ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮಾದರಿಯ ಮಾರುತಿ 800 ಮಡಿಕೇರಿಯ ಡಿಸೆಂಬರ್ ಬೆಳಗಿನಲ್ಲಿ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯದೆ, ಮಧ್ಯಾಹ್ನ ಸಲೀಸಾಗಿ ಸ್ಟಾರ್ಟ್ ಆಗುತ್ತಿದ್ದರೆ, ಚೋಕ್, ಅಂದರೆ ತಣ್ಣಗಿನ ಇಂಜಿನ್‌ಗೆ ಹೋಗುವ ಗಾಳಿಯನ್ನು ತಡೆಯುವ ತಟ್ಟೆ, ಪೂರ್ತಿ ಮುಚ್ಚದಿರುವುದೇ ಬಹುಮಟ್ಟಿಗೆ ಕಾರಣ. ಇಂಜಿನ್ ತಣ್ಣಗಿರುವಾಗಲೇ ಏರ್ ಫಿಲ್ಟರ್ ಡಬ್ಬಿಯನ್ನು ಕಳಚಿ, ಒಬ್ಬರಿಂದ ಚೋಕ್ ಗುಂಡಿಯನ್ನು ಕೊನೆಯವರೆಗೆ ಎಳೆಸಿ, ಕಾರ್ಬುರೇಟರ್ ಬಾಯಿಯಲ್ಲಿರುವ ತಟ್ಟೆಯನ್ನು ಟಾರ್ಚ್ ಹಾಕಿ ನೋಡಿ. ಅದು ಸರಿಯಾಗಿ ಮುಚ್ಚಿಕೊಳ್ಳದೆ ಒಂದು ಬದಿಯಲ್ಲಿ ಸಂದು ಉಳಿದಿದ್ದರೆ, ಕೇಬಲ್ ಹಿಡಿದಿರುವ ಸ್ಕ್ರೂ ಸಡಿಲಿಸಿ, ಜೋಲನ್ನು ಎಳೆದು ಬಿಗಿ ಮಾಡಿ. ಗುಂಡಿ ಒಳಗೆ ತಳ್ಳಿದಾಗ ತಟ್ಟೆ ನೆಟ್ಟಗೆ ನಿಲ್ಲಬೇಕು. ಇಲ್ಲವಾದರೆ ಗಾಡಿ ಸ್ಟಾರ್ಟ್ ಆದೀತು, ಆದರೆ ಪೆಟ್ರೋಲ್ ವಿಪರೀತ ಕುಡಿಯುತ್ತದೆ.

ಚೋಕ್ ಸರಿಯಿದ್ದರೆ, ನಿಂತಲ್ಲೇ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಆರಿರಬಹುದು, ಆದರೂ ಮಧ್ಯಾಹ್ನ ತಾನಾಗಿ ಸರಿಹೋಗುವುದರಿಂದ ನನಗೆ ಆ ಅನುಮಾನ ಕಡಿಮೆ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು, ಅರ್ಧ ನಿಮಿಷ ಬಿಟ್ಟು ಮತ್ತೆ ಹೊಡೆದರೆ ಪಂಪ್ ಅದನ್ನು ತುಂಬಿಸುತ್ತದೆ. ಕಾರ್ಬುರೇಟರ್ ಬಾಯಿಗೆ ಪೆಟ್ರೋಲ್ ಸುರಿಯುವ ಗ್ಯಾರೇಜ್ ಉಪಾಯ ಬೇಡ, ಬೆಂಕಿ ಹತ್ತುವ ಅಪಾಯವಿದೆ. ಕೊನೆಗೆ ಬ್ಯಾಟರಿ: ರಾತ್ರಿಯಿಡೀ ನಿಂತ ಮೇಲೆ 12.4 ವೋಲ್ಟಿಗಿಂತ ಕಡಿಮೆ ತೋರಿಸಿದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬದಲಿಸಿ.