ಮಗಳ ತೂಕದ ಕಾರ್ಡ್ ಬಿಟ್ಟು ಬರಬೇಡ

ತಂಗಿ, ಈ ಪರದೇಶಕ್ಕೆ ಬರುವ ಮೊದಲು ಮನೆ, ಚಳಿ, ಮಗಳು, ಈ ಮೂರರ ಬಗ್ಗೆಯೂ ಕೇಳಿದ್ದೀಯ. ಮನೆ ಹುಡುಕಿದರೆ ಸಿಗುತ್ತದೆ. ಚಳಿಯ ಬಟ್ಟೆ ಇಲ್ಲಿಗೆ ಬಂದೇ ಕೊಳ್ಳು. ಒಂದೂವರೆ ವರ್ಷದ ಮಗಳು ತೆಳ್ಳಗಿದ್ದಾಳೆ, ಇಲ್ಲಿನ ಮಕ್ಕಳ ಸಮ ಕಾಣುವ ಹಾಗೆ ದಪ್ಪ ಮಾಡಿಕೊಂಡು ಬರಲಾ ಅಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ.

ನಾವು ಬಂದಾಗ ನನ್ನ ಮಗನಿಗೆ ಎರಡೂವರೆ ವರ್ಷ. ಹುಟ್ಟುವಾಗಲೇ ಸಣ್ಣ ಮಗು. ಪೆಟ್ಟಿಗೆ ಭಾರ ಜಾಸ್ತಿಯಾಯಿತೆಂದು ಕಾಗದದ ಒಂದು ಕಟ್ಟು ತೆಗೆದಿಟ್ಟು ಬಂದೆ. ಅವನ ತೂಕ ಬರೆದ ಕಾರ್ಡ್ ಅದರಲ್ಲಿತ್ತು. ಇಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ ಅದು. ಹುಟ್ಟಿದಾಗ ಎಷ್ಟಿದ್ದ, ವರ್ಷ ತುಂಬಿದಾಗ ಎಷ್ಟಿದ್ದ? 'ಸಣ್ಣಗಿದ್ದ' ಅಂದೆ, ಅಷ್ಟೇ. ವಯಸ್ಸಿಗೆ ತಕ್ಕ ಬೆಳವಣಿಗೆಯ ಗೆರೆಗಳಿರುವ ಚಾರ್ಟಿನಲ್ಲಿ ಒಂದೇ ಚುಕ್ಕೆ, ಕೆಳಗಿನ ಗೆರೆಯ ಹತ್ತಿರ. ಒಂದು ಚುಕ್ಕೆ ನೋಡಿ ಏನೂ ಹೇಳಲಾಗದು, ಕೆಲವು ತಿಂಗಳು ನೋಡೋಣ ಅಂದರು. ನನ್ನ ಕಿವಿಗೆ ಬಿದ್ದದ್ದು 'ಕೆಳಗೆ' ಎಂಬ ಮಾತು ಮಾತ್ರ.

ಅವತ್ತಿನಿಂದ ಅವನು ಬಾಯಿ ಮುಚ್ಚಿದರೂ ಬಿಡದೆ ತುತ್ತು ತುರುಕಿದೆ. ಐದು ವರ್ಷಕ್ಕೆ ಎತ್ತರ ತನ್ನ ಗೆರೆಯಲ್ಲೇ ಇತ್ತು, ತೂಕ ಮೇಲಕ್ಕೆ ಓಡಿತ್ತು. ಮೈಕೈ ತುಂಬಿಕೊಂಡಿದ್ದಾನೆ ನೋಡಿ ಎಂದು ಊರಿಗೆ ಫೋಟೋ ಕಳಿಸಿದೆ.

ಆಮೇಲೆ ಓದಿದೆ. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನಲ್ಲಿ 1911ರಿಂದ ಮಕ್ಕಳ ತೂಕವನ್ನು ಹುಟ್ಟಿದಾಗ, ವರ್ಷ ತುಂಬಿದಾಗ ಬರೆದಿಡುತ್ತಿದ್ದರು. ಡೇವಿಡ್ ಬಾರ್ಕರ್ ಎಂಬ ವೈದ್ಯರು ಆ ಹಳೆಯ ಪುಸ್ತಕಗಳನ್ನು ಹಿಡಿದು, ದೊಡ್ಡವರಾದ ಮೇಲೆ ಅವರಿಗೆ ಏನಾಯಿತೆಂದು ಹುಡುಕಿದರು. ಆಗ ತೂಕ ಕಡಿಮೆ ಇದ್ದ ಗಂಡಸರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಜಾಸ್ತಿ ಎಂದು 1989ರಲ್ಲಿ ಪ್ರಕಟಿಸಿದರು. ಫಿನ್‌ಲ್ಯಾಂಡಿನ ಹೆಲ್ಸಿಂಕಿಯಲ್ಲಿ 1934ರಿಂದ 1944ರವರೆಗೆ ಹುಟ್ಟಿದವರ ದಾಖಲೆ ಓದಿ ನನ್ನ ಕೈಕಾಲು ತಣ್ಣಗಾಯಿತು. ಸಣ್ಣಗೆ ಹುಟ್ಟಿ, ಎರಡು ವರ್ಷಕ್ಕೂ ತೆಳ್ಳಗಿದ್ದು, ಆಮೇಲೆ ಎತ್ತರ ಮೀರಿ ತೂಕ ಏರಿದ ಮಕ್ಕಳಿಗೇ ಮುಂದೆ ಹೃದಯದ ತೊಂದರೆಯ ಭಯ ಹೆಚ್ಚು. ಅಂಥ ಮೈಯಲ್ಲಿ ಸ್ನಾಯು ಕಡಿಮೆ, ತಡವಾಗಿ ಬೇಗಬೇಗ ಏರಿದ ತೂಕ ಹೆಚ್ಚಾಗಿ ಕೊಬ್ಬಾಗಿ ಕೂರುತ್ತದೆ. ಎಲ್ಲರಿಗೂ ಹಾಗೆಯೇ ಆಗುತ್ತದೆ ಅಂತಲ್ಲ.

ಹಾಗಂತ ಮಗಳ ಹೊಟ್ಟೆ ಕಟ್ಟಬೇಡ. ಈ ವಯಸ್ಸಿನಲ್ಲಿ ಚೆನ್ನಾಗಿ ಬೆಳೆಯುವುದು ಒಳ್ಳೆಯದೇ. ತೂಕದ ಜೊತೆ ಎತ್ತರವನ್ನೂ ಅಳೆಸು. ತನ್ನ ಗೆರೆಯಿಂದ ಕೆಳಗೆ ಜಾರುತ್ತಿದ್ದರೆ ಹೊರಡುವ ಮೊದಲೇ ಡಾಕ್ಟರಿಗೆ ತೋರಿಸು. ಪಕ್ಕದ ಮಗುವಿನ ಜೊತೆ ಮಾತ್ರ ಹೋಲಿಸಬೇಡ. ಕಾರ್ಡನ್ನು ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇಟ್ಟುಕೋ.

ಮಗನಿಗೆ ಈಗ ಇಪ್ಪತ್ತಾರು. ಹೋದ ತಿಂಗಳು ಬಿಪಿ ಸ್ವಲ್ಪ ಜಾಸ್ತಿ ಬಂತು. ಅದು ನನ್ನಿಂದಲೇ ಆಯಿತೆಂದು ಯಾರೂ ಹೇಳಲಾರರು. 'ಅಮ್ಮಾ, ಹುಟ್ಟಿದಾಗ ನಾನೆಷ್ಟು ತೂಕ ಇದ್ದೆ?' ಎಂದು ಕೇಳಿದ. ಹೇಳಲು ನನ್ನ ಹತ್ತಿರ ಈಗಲೂ ಏನೂ ಇರಲಿಲ್ಲ.