ಎಂಟು ಹುಂಜ, ಒಂಬತ್ತು ಹೇಟೆ: ಹೆಚ್ಚಾದ ಹುಂಜಗಳನ್ನು ಏನು ಮಾಡುವುದು?

ಪ್ರಶ್ನೆ: ನಮ್ಮಲ್ಲಿ ಒಂಬತ್ತು ನಾಟಿ ಹೇಟೆ, ಎರಡು ವರ್ಷದ ಒಂದು ಹುಂಜ ಇದ್ದವು. ದೀಪಾವಳಿ ಹೊತ್ತಿಗೆ ಎರಡು ಹೇಟೆಗಳನ್ನು ಕಾವಿಗೆ ಕೂರಿಸಿದೆವು. ಉಳಿದುಕೊಂಡ ಹದಿನೇಳು ಮರಿಗಳಲ್ಲಿ ಎಂಟು ಹುಂಜ. ಈಗ ಐದು ತಿಂಗಳಾಗಿದೆ. ಬೆಳಗಿನ ಜಾವ ನಾಲ್ಕಕ್ಕೇ ಕೂಗು, ದಿನವಿಡೀ ಜಗಳ. ಹೇಟೆಗಳು ಗೂಡು ಬಿಟ್ಟು ಇಳಿಯುವುದಿಲ್ಲ, ಮೊಟ್ಟೆಯೂ ಕಡಿಮೆಯಾಗಿದೆ. ಯಾವುದನ್ನು ಇಟ್ಟುಕೊಳ್ಳಬೇಕು? ಉಳಿದವನ್ನು ಏನು ಮಾಡಬೇಕು?
(ಸಾಗರ ತಾಲ್ಲೂಕಿನಿಂದ)

ಉತ್ತರ: ಮೊದಲು ಹೇಟೆಗಳನ್ನು ಒಂದೊಂದಾಗಿ ಹಿಡಿದು ಬೆನ್ನು ನೋಡಿ. ಕತ್ತಿನ ಹಿಂಭಾಗ, ಬೆನ್ನು, ರೆಕ್ಕೆಯ ಬುಡ ಬೋಳಾಗಿವೆಯೇ? ರೆಕ್ಕೆಯನ್ನು ಎತ್ತಿ ಪಕ್ಕೆಯನ್ನೂ ನೋಡಿ. ಹುಂಜ ಮೆಟ್ಟುವಾಗ ಕಾಲಿನ ಉಗುರು ಮತ್ತು ಮುಳ್ಳು ಅಲ್ಲಿ ಸೀಳುತ್ತವೆ. ಗರಿ ಮುಚ್ಚಿಕೊಂಡಿರುವುದರಿಂದ ಗಾಯ ಹೊರಗಿನಿಂದ ಕಾಣುವುದಿಲ್ಲ, ವಾಸನೆ ಬಂದಾಗಲೇ ಗೊತ್ತಾಗುವುದು. ಗಾಯವಿದ್ದರೆ ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ನೊಣ ಕೂರದ ಜಾಗದಲ್ಲಿ ಬೇರೆಯಾಗಿ ಇಡಿ. ಹುಳು ಬಿದ್ದಿದ್ದರೆ ಮನೆಮದ್ದಿಗೆ ಕಾಯದೆ ಪಶುವೈದ್ಯರ ಬಳಿ ಒಯ್ಯಿರಿ. ಬುಡಸಮೇತ ಕಿತ್ತುಬಂದ ಗರಿ ಆರರಿಂದ ಎಂಟು ವಾರದಲ್ಲಿ ಮತ್ತೆ ಬರುತ್ತದೆ. ಅರ್ಧಕ್ಕೆ ಮುರಿದ ಗರಿಯ ದಂಟು ಮಾತ್ರ ಮುಂದಿನ ಗರಿ ಉದುರುವ ಕಾಲದವರೆಗೆ ಹಾಗೇ ಇರುತ್ತದೆ. ಆದ್ದರಿಂದ ಹುಂಜ ತೆಗೆದು ಎರಡು ತಿಂಗಳಾದರೂ ಬೆನ್ನು ತುಂಬಲಿಲ್ಲವೆಂದು ಗಾಬರಿಯಾಗಬೇಡಿ.

ಎರಡನೆಯ ಕೆಲಸ ಇವತ್ತೇ ಆಗಬೇಕು: ಎಂಟೂ ಎಳೆಹುಂಜಗಳನ್ನು ಹೇಟೆಗಳಿಂದ ಬೇರ್ಪಡಿಸಿ. ಮಾರುವುದೋ ಕೊಯ್ಯುವುದೋ ಎಂಬುದನ್ನು ಆಮೇಲೆ ಯೋಚಿಸಬಹುದು. ಐದರಿಂದ ಎಂಟು ತಿಂಗಳ ವಯಸ್ಸು ಹುಂಜಕ್ಕೆ ತೀರಾ ಒರಟಿನ ಕಾಲ. ದೊಡ್ಡ ಹುಂಜ ರೆಕ್ಕೆ ಇಳಿಸಿ ಸುತ್ತು ಹಾಕಿ ಹೇಟೆಯ ಒಪ್ಪಿಗೆ ಕಾಯುತ್ತದೆ. ಎಳೆಯವು ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತವೆ. ಒಂದು ಹಿಡಿದರೆ ಉಳಿದವೂ ಅದೇ ಹೇಟೆಯ ಮೇಲೆ ಬೀಳುತ್ತವೆ. ಹೆದರಿದ ಹೇಟೆ ಮೇವಿಗೂ ನೀರಿಗೂ ಇಳಿಯುವುದಿಲ್ಲ. ನಿಮ್ಮಲ್ಲಿ ಮೊಟ್ಟೆ ಕಡಿಮೆಯಾಗಲು ಬಹುಪಾಲು ಇದೇ ಕಾರಣ.

ಇನ್ನು ಎಷ್ಟು ಹುಂಜ ಬೇಕು ಎಂಬ ಲೆಕ್ಕ. ಎಂಟರಿಂದ ಹತ್ತು ಹೇಟೆಗೆ ಒಂದು ಹುಂಜ ಸಾಕು. ಮರಿ ಮಾಡಿಸುವ ಉದ್ದೇಶ ಇಲ್ಲದಿದ್ದರೆ ಒಂದೂ ಬೇಡ. ಹುಂಜವಿಲ್ಲದಿದ್ದರೂ ಹೇಟೆ ಅಷ್ಟೇ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯ ಸತ್ವವೂ ಅಷ್ಟೇ. ನಿಮ್ಮಲ್ಲಿ ಹೊಸ ಒಂಬತ್ತು ಹೇಟೆ ಸೇರಿ ಹದಿನೆಂಟಾಗುತ್ತವೆ. ಆ ಲೆಕ್ಕಕ್ಕೆ ಎರಡು ಹುಂಜ ಸಾಕು: ಒಂದು ಒಳ್ಳೆಯದು ಹೇಟೆಗಳ ಜೊತೆಗೆ, ಇನ್ನೊಂದು ಆಪತ್ತಿಗೆಂದು ಬೇರೆ ಕಟ್ಟಿನಲ್ಲಿ (ಬೇಲಿ ಕಟ್ಟಿದ ಜಾಗದಲ್ಲಿ).

ಇಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಎಂಟರಲ್ಲಿ ಚೆಂದದ್ದನ್ನು ಆರಿಸಿ ಇಟ್ಟುಕೊಂಡು ಉಳಿದವನ್ನು ಮಾರುತ್ತಾರೆ. ಅದು ಈ ಹೊಸ ಹೇಟೆಗಳ ಅಣ್ಣನೋ ತಮ್ಮನೋ ಆಗಿರುತ್ತದೆ. ಹಳೆ ಹುಂಜವನ್ನೇ ಉಳಿಸಿಕೊಂಡರೆ ಅದು ಅವುಗಳ ಅಪ್ಪ. ಒಂದು ತಲೆಮಾರಿಗೆ ದೊಡ್ಡ ನಷ್ಟ ಕಾಣಲಿಕ್ಕಿಲ್ಲ. ಅದೇ ಮುಂದುವರಿದರೆ ಮೊಟ್ಟೆಯೊಳಗೇ ಮರಿ ಸಾಯುವುದು, ಹುಟ್ಟಿದವು ಸೊರಗುವುದು, ರೋಗಕ್ಕೆ ಬೇಗ ತುತ್ತಾಗುವುದು ಹೆಚ್ಚುತ್ತದೆ. ಆದ್ದರಿಂದ ನಿಮ್ಮ ಅತ್ಯುತ್ತಮ ಹುಂಜವನ್ನು ಕೊಟ್ಟು, ಹತ್ತಾರು ಮೈಲಿ ಆಚೆಯ ಊರಿನವರ ಅಷ್ಟೇ ಒಳ್ಳೆಯ ಹುಂಜವನ್ನು ತನ್ನಿ. ಹೆಚ್ಚಾದ ಹುಂಜಕ್ಕೆ ಇದಕ್ಕಿಂತ ಒಳ್ಳೆಯ ಬೆಲೆ ಸಂತೆಯಲ್ಲಿ ಸಿಗುವುದಿಲ್ಲ. ಆರಿಸುವಾಗ ಜುಟ್ಟಿನ ಬಣ್ಣ, ಬಾಲದ ಅಂದ ಕೊನೆಗಿರಲಿ. ಕಾಲ್ಬೆರಳು ನೆಟ್ಟಗಿರಬೇಕು, ಎದೆಯ ಮೂಳೆ ಸೊಟ್ಟ ಇರಬಾರದು, ಕಾಲಿನ ಹುರುಪೆ ಎದ್ದಿರಬಾರದು. ಒಂದು ಹಿಡಿ ಜೋಳ ಎರಚಿ ನೋಡಿ. ತಾನು ನುಂಗುವ ಮೊದಲು ಕೊಕ್ಕೊಕ್ಕೆಂದು ಹೇಟೆಗಳನ್ನು ಕರೆಯುವ ಹುಂಜ ಸಿಕ್ಕರೆ ಬಿಡಬೇಡಿ.

ಹೊಸದಾಗಿ ಬಂದ ಹುಂಜವನ್ನು ಮೂರು ವಾರ ದೂರದಲ್ಲಿಟ್ಟು ಸಾಕಿ. ಅದರ ನೀರಿನ ಪಾತ್ರೆ ಬೇರೆ ಇರಲಿ, ದಿನಾ ಅದರ ಕೆಲಸ ಕೊನೆಗೆ ಮಾಡಿ. ಕೊಕ್ಕರೆ ರೋಗ (ರಾಣಿಕೇತ್) ಹೀಗೆ ಕೊಟ್ಟು ತರುವ ಕೋಳಿಗಳ ಜೊತೆಗೇ ಮನೆಗೆ ಬರುತ್ತದೆ. ಸಂತೆಗೆ ಒಯ್ದು ಮಾರಾಟವಾಗದೆ ವಾಪಸು ಬಂದ ನಿಮ್ಮದೇ ಹುಂಜಕ್ಕೂ ಇದೇ ನಿಯಮ. ಹಳೆ ಹುಂಜವನ್ನು ತೆಗೆದ ಮೇಲೂ ಎರಡು ಮೂರು ವಾರ ಹೇಟೆಗಳು ಅದರ ಬೀಜದ ಮೊಟ್ಟೆಯನ್ನೇ ಇಡುತ್ತಿರುತ್ತವೆ. ಹೊಸ ತಳಿಯ ಮರಿಯೇ ಬೇಕೆಂದರೆ ನಾಲ್ಕು ವಾರ ಕಳೆದ ಮೇಲಿನ ಮೊಟ್ಟೆಗಳನ್ನು ಕಾವಿಗಿಡಿ.

ಉಳಿದವನ್ನು ಇಟ್ಟುಕೊಂಡಷ್ಟೂ ಖರ್ಚು. ಕಟ್ಟಿನಲ್ಲಿಟ್ಟ ಒಂದು ನಾಟಿ ಹುಂಜಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಮೇವು ಬೇಕು. ಎಂಟಕ್ಕೆ ತಿಂಗಳಿಗೆ 24 ಕಿಲೋ. ಆರು ತಿಂಗಳು ದಾಟಿದ ಮೇಲೆ ತಿಂದದ್ದರಲ್ಲಿ ಮೈಗೆ ಹತ್ತುವುದು ಕಡಿಮೆ. ಮಾರುವುದಾದರೆ ಕ್ಯಾಲೆಂಡರ್ ನೋಡಿ ಮಾರಿ. ಹಳೆ ಮೈಸೂರು ಕಡೆ ಯುಗಾದಿ ಮರುದಿನದ ಹೊಸತೊಡಕು, ಮಹಾಲಯ ಅಮಾವಾಸ್ಯೆ, ಊರ ಮಾರಿಹಬ್ಬಗಳಿಗೆ ನಾಟಿ ಹುಂಜಕ್ಕೆ ಬೇಡಿಕೆ ಏರುತ್ತದೆ. ಶ್ರಾವಣದಲ್ಲಿ ಅನೇಕ ಮನೆಗಳಲ್ಲಿ ಒಲೆಗೆ ಮಾಂಸ ಏರುವುದಿಲ್ಲ, ಬೆಲೆ ಬೀಳುತ್ತದೆ. ಮುಂದಿನ ಸಲ ಈ ಲೆಕ್ಕದಲ್ಲೇ ಕಾವು ಕೂರಿಸಿ. ಸೆಪ್ಟೆಂಬರ್ ಕೊನೆಗೆ ಕೂರಿಸಿದರೆ ಅಕ್ಟೋಬರ್ ನಡುವೆ ಮರಿ, ಯುಗಾದಿ ಹೊತ್ತಿಗೆ ಐದೂವರೆ ತಿಂಗಳ ಹುಂಜ. ಫೆಬ್ರವರಿ ಕೊನೆಗೆ ಕೂರಿಸಿದ್ದು ಮಹಾಲಯಕ್ಕೆ ಸಿದ್ಧ. ತೂಕ ಮಾಡಿ ಮಾರಿ. ಕಣ್ಣಂದಾಜಿನ ವ್ಯಾಪಾರದಲ್ಲಿ ಗರಿ ತುಂಬಿದ ಹುಂಜ ಮಾರುವವರನ್ನೂ ಕೊಳ್ಳುವವರನ್ನೂ ಮೋಸಗೊಳಿಸುತ್ತದೆ. ಕಾಲು ಕಟ್ಟಿ ತಲೆಕೆಳಗಾಗಿ ಬೈಕಿಗೆ ನೇತುಹಾಕಿ ಒಯ್ಯಬೇಡಿ, ಗಾಳಿಯಾಡುವ ಬುಟ್ಟಿಯಲ್ಲಿ ಒಯ್ಯಿರಿ.

ಪ್ರಶ್ನೆ: ಹುಂಜಗಳನ್ನು ಕೊಯ್ಯಲು ಮನಸ್ಸಿಲ್ಲ. ಹೇಟೆಗಳಿಲ್ಲದೆ ಹುಂಜಗಳನ್ನಷ್ಟೇ ಒಟ್ಟಿಗೆ ಸಾಕಬಹುದೇ?
(ಧಾರವಾಡದಿಂದ)

ಉತ್ತರ: ಸಾಕಬಹುದು, ಎರಡು ಷರತ್ತಿನ ಮೇಲೆ. ಮರಿಯಿಂದ ಒಟ್ಟಿಗೆ ಬೆಳೆದ ಹುಂಜಗಳಾಗಿರಬೇಕು, ಮತ್ತು ಹೇಟೆ ಅವುಗಳ ಕಣ್ಣಿಗೆ ಬೀಳಬಾರದು. ತಂತಿಬಲೆಯ ಆಚೆ ಹೇಟೆ ಓಡಾಡಿದರೂ ಜಗಳ ಶುರುವಾಗುತ್ತದೆ. ಮಧ್ಯೆ ತೆಂಗಿನ ಗರಿಯ ತಡಿಕೆ ಅಥವಾ ಗೋಣಿ ಕಟ್ಟಿ. ಒಂದಕ್ಕೆ ರಾತ್ರಿ ಕೂರಲು ನಾಲ್ಕು ಚದರ ಅಡಿ, ಹಗಲು ಅಡ್ಡಾಡಲು ಕನಿಷ್ಠ ಹತ್ತು ಚದರ ಅಡಿ ಕೊಡಿ. ಇನ್ನೂ ಹೆಚ್ಚು ಜಾಗ ಇದ್ದರೆ ಒಳ್ಳೆಯದು. ಮೇವಿನ ತಟ್ಟೆ ಮೂಲೆಗೊಂದರಂತೆ ಎರಡು ಮೂರು ಕಡೆ ಇರಲಿ. ಸೋತದ್ದು ಅಡಗಲು ಒರಗಿಸಿಟ್ಟ ಹಲಗೆ, ಮರದ ದಿಮ್ಮಿ, ಪೊದೆ ಇರಬೇಕು. ಗುಂಪಿನಿಂದ ಒಂದನ್ನು ನಾಲ್ಕೈದು ದಿನ ಹೊರಗಿಟ್ಟು ಮತ್ತೆ ಬಿಟ್ಟರೆ ಅದನ್ನು ಹೊಸಬನೆಂದೇ ತಿಳಿದು ಕುಕ್ಕುತ್ತವೆ. ಆಗ ಕತ್ತಲಾದ ಮೇಲೆ ಕೋಲಿನ ಮೇಲೆ ಕೂರಿಸಿ, ಬೆಳಗ್ಗೆ ಒಂದು ಗಂಟೆ ನಿಂತು ನೋಡಿ.

ಮೇವಿನ ಬಗ್ಗೆ ಒಂದು ಎಚ್ಚರಿಕೆ. ಮೊಟ್ಟೆ ಕೋಳಿಯ ಮೇವಿನಲ್ಲಿ ಸುಣ್ಣದಂಶ ಶೇಕಡ 3.5ರಿಂದ 4 ಇರುತ್ತದೆ. ಹುಂಜಕ್ಕೆ ಶೇಕಡ 1 ಸಾಕು. ವರ್ಷಗಟ್ಟಲೆ ಅದನ್ನೇ ತಿಂದರೆ ಮೂತ್ರಪಿಂಡ ಹಾಳಾಗುತ್ತದೆ. ಬೆಳೆಯುವ ಕೋಳಿಯ ಮೇವು ಅಥವಾ ನುಚ್ಚು, ಜೋಳ, ಹಿಂಡಿ ಬೆರೆಸಿ ಕೊಡಿ. ಕಾಲಿನ ಮುಳ್ಳು ಉದ್ದವಾದರೆ ತುದಿಯನ್ನು ಮಾತ್ರ ಅರದಿಂದ ಉಜ್ಜಿ ಮೊಂಡಾಗಿಸಿ. ಒಳಗೆ ಎಲುಬು, ರಕ್ತನಾಳ ಇರುವುದರಿಂದ ಬುಡದತ್ತ ಕತ್ತರಿಸಿದರೆ ರಕ್ತ ನಿಲ್ಲಿಸುವುದು ಕಷ್ಟ. ಬೀಜ ತೆಗೆಸಿದರೆ ಶಾಂತವಾಗುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಕೋಳಿಯಲ್ಲಿ ಅದು ಹೊಟ್ಟೆಯೊಳಗಿನ ಶಸ್ತ್ರಚಿಕಿತ್ಸೆ. ಮನೆಯಲ್ಲಿ ಬ್ಲೇಡು ಹಿಡಿದು ಮಾಡುವ ಕೆಲಸ ಖಂಡಿತ ಅಲ್ಲ.

ಪ್ರಶ್ನೆ: ಮನೆಯಲ್ಲೇ ಕೊಯ್ದ ಹುಂಜದ ಮಾಂಸ ರಬ್ಬರಿನಂತೆ ಆಗುತ್ತದೆ. ಎರಡು ಗಂಟೆ ಬೇಯಿಸಿದರೂ ಅಷ್ಟೇ. ಯಾಕೆ?
(ಮಂಡ್ಯ ಜಿಲ್ಲೆಯಿಂದ)

ಉತ್ತರ: ವಯಸ್ಸು ಒಂದು ಕಾರಣ, ಆತುರ ಇನ್ನೊಂದು. ನಾಟಿ ಹುಂಜ ಐದರಿಂದ ಏಳು ತಿಂಗಳಲ್ಲಿ ಹದವಾಗಿರುತ್ತದೆ. ವರ್ಷ ದಾಟಿದ್ದರ ಸಾರಿಗೆ ರುಚಿ ಹೆಚ್ಚು, ನಾರೂ ಹೆಚ್ಚು. ಕೊಯ್ದು ಅರ್ಧ ಗಂಟೆಯಾದ ಮೇಲೆ ಮಾಂಸ ಬಿಗಿಯುತ್ತಾ ಹೋಗುತ್ತದೆ. ಆ ಹೊತ್ತಿನಲ್ಲೇ ಒಲೆಗಿಟ್ಟರೆ ಬಿಗಿತ ಹಾಗೇ ಉಳಿದುಬಿಡುತ್ತದೆ. ಶುಚಿ ಮಾಡಿದ್ದನ್ನು ಮುಚ್ಚಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿ 12ರಿಂದ 24 ಗಂಟೆ ಇಟ್ಟು ಆಮೇಲೆ ಬೇಯಿಸಿ. ಫ್ರೀಜರಿಗೆ ಹಾಕುವುದಾದರೂ ಈ ಹೊತ್ತು ಕಳೆದ ಮೇಲೆಯೇ.

ಕೊಯ್ಯುವ ಕ್ರಮವೂ ಮುಖ್ಯ. ಹಿಂದಿನ ರಾತ್ರಿ ಮೇವು ನಿಲ್ಲಿಸಿ, ನೀರು ಇರಲಿ. ಆಗ ಮೇವಿನ ಚೀಲ ಖಾಲಿಯಾಗಿ ಕರುಳು ಒಡೆದು ಮಲಿನವಾಗುವುದು ತಪ್ಪುತ್ತದೆ. ಕತ್ತಲಲ್ಲೇ ಕೋಲಿನ ಮೇಲಿಂದ ಎತ್ತಿ ಬುಟ್ಟಿಯಲ್ಲಿಡಿ. ಬೆಳಗ್ಗೆ ಅಂಗಳ ಪೂರ್ತಿ ಅಟ್ಟಾಡಿಸಿ ಹಿಡಿಯುವುದು ಹಿಂಸೆ, ಮಾಂಸಕ್ಕೂ ಕೆಡುಕು. ತಗಡು ಸುತ್ತಿ ಮಾಡಿದ ಕೊಳವೆಯಲ್ಲಿ ತಲೆ ಕೆಳಗೆ ಬರುವಂತೆ ಇಳಿಸಿದರೆ ರೆಕ್ಕೆ ಬಡಿಯದೆ ಸುಮ್ಮನಿರುತ್ತದೆ. ಆಗ ತಡಮಾಡದೆ ತುಂಬ ಹರಿತವಾದ ಚಾಕುವಿನಿಂದ ದವಡೆಯ ಕೆಳಗೆ ಎರಡೂ ಬದಿಯ ರಕ್ತನಾಳ ಒಂದೇ ಎಳೆತಕ್ಕೆ ಕತ್ತರಿಸಿ, ಮೂರು ನಿಮಿಷ ರಕ್ತ ಸುರಿಯಲು ಬಿಡಿ. ಮೊಂಡು ಚಾಕು ಹಿಡಿದು ಈ ಕೆಲಸಕ್ಕೆ ಇಳಿಯಲೇಬೇಡಿ. ಗರಿ ಕೀಳಲು 60ರಿಂದ 63 ಡಿಗ್ರಿ ಬಿಸಿನೀರು ಬೇಕು. ಕುದಿಯುವ ನೀರಿಗೆ ಅಷ್ಟೇ ಪ್ರಮಾಣದ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಆ ಬಿಸಿ ಬರುತ್ತದೆ. ಒಂದರಿಂದ ಒಂದೂವರೆ ನಿಮಿಷ ಅದ್ದಿ ಆಡಿಸಿ, ಬಾಲದ ಗರಿ ಎಳೆದಾಗ ಸಲೀಸಾಗಿ ಬಂದರೆ ಸಾಕು. ಕುದಿನೀರಿಗೇ ಅದ್ದಿದರೆ ಚರ್ಮ ಬೆಂದು ಗರಿಯೊಂದಿಗೆ ಕಿತ್ತುಬರುತ್ತದೆ. ಹೊಟ್ಟೆ ಸೀಳುವಾಗ ಈಲಿಗೆ (ಲಿವರ್‌ಗೆ) ಅಂಟಿದ ಹಸಿರು ಪಿತ್ತದ ಚೀಲ ಒಡೆಯದಿರಲಿ, ಒಡೆದರೆ ಸಾರೆಲ್ಲ ಕಹಿ. ಜಂತುನಾಶಕ ಅಥವಾ ಆಂಟಿಬಯಾಟಿಕ್ ಕೊಟ್ಟ ಹುಂಜವನ್ನು ಔಷಧಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಕಳೆಯದೆ ಕೊಯ್ಯಬಾರದು.

ಪ್ರಶ್ನೆ: ಬೇಸಿಗೆಯಲ್ಲಿ ಮೊಟ್ಟೆ ಒಡೆದರೆ ಒಳಗೆ ರಕ್ತದ ಗೆರೆ. ಹುಂಜ ತೆಗೆದರೆ ಸರಿಹೋಗುತ್ತದೆಯೇ?
(ರಾಯಚೂರಿನಿಂದ)

ಉತ್ತರ: ಬಹುಮಟ್ಟಿಗೆ ಹೌದು. ಬೀಜದ ಮೊಟ್ಟೆ 27 ಡಿಗ್ರಿಗಿಂತ ಮೇಲಿನ ಬಿಸಿಯಲ್ಲಿ ಉಳಿದರೆ ಒಳಗೆ ಭ್ರೂಣ ಬೆಳೆಯತೊಡಗುತ್ತದೆ, ಆಮೇಲೆ ಸಾಯುತ್ತದೆ. ನಿಮ್ಮ ಕಡೆ ಮಾರ್ಚ್‌ನಿಂದ ಮೇವರೆಗೆ ನೆರಳಿನಲ್ಲೂ ಬಿಸಿ ಅದನ್ನು ಮೀರುತ್ತದೆ. ತಿನ್ನಲು, ಮಾರಲು ಮೊಟ್ಟೆ ಬೇಕಾದವರು ಆ ತಿಂಗಳುಗಳಲ್ಲಿ ಹುಂಜವನ್ನು ಬೇರೆ ಇಡುವುದೇ ಲೇಸು, ಹುಂಜವಿಲ್ಲದ ಮೊಟ್ಟೆ ಹೆಚ್ಚು ದಿನ ತಾಳುತ್ತದೆ. ತೆಗೆದ ಮೊದಲ ಮೂರು ವಾರ ಬೆಳಗ್ಗೆ ಸಂಜೆ ಎರಡು ಸಲ ಮೊಟ್ಟೆ ತೆಗೆದು ಮಣ್ಣಿನ ಮಡಕೆಯ ತಂಪಿನಲ್ಲಿಡಿ. ಹೊಸದಾಗಿ ಇಟ್ಟ ಮೊಟ್ಟೆಯಲ್ಲೂ ಹಳದಿಯ ಮೇಲೆ ಒಂದೇ ಒಂದು ರಕ್ತದ ಚುಕ್ಕೆ ಕಂಡರೆ ಅದಕ್ಕೆ ಹುಂಜ ಕಾರಣವಲ್ಲ. ಹೇಟೆಯ ಅಂಡಾಶಯದ ಸಣ್ಣ ನಾಳ ಒಡೆದದ್ದು ಅದು.

ಪ್ರಶ್ನೆ: ಕೋಳಿ ಅಂಕಕ್ಕೆಂದು ಒಳ್ಳೆಯ ಬೆಲೆಗೆ ಹುಂಜ ಕೇಳುತ್ತಾರೆ. ಕೊಡಬಹುದೇ? ಇಲ್ಲದಿದ್ದರೆ ಕಾಡಂಚಿಗೆ ಬಿಟ್ಟುಬರುವ ಯೋಚನೆ ಇದೆ.
(ಬೆಳ್ತಂಗಡಿಯಿಂದ)

ಉತ್ತರ: ಎರಡೂ ಬೇಡ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯಡಿ ಅಪರಾಧ. ಕಾಲಿಗೆ ಬಾಳು (ಸಣ್ಣ ಕತ್ತಿ) ಕಟ್ಟಿದ ಹುಂಜ ನಿಮ್ಮ ಮನೆಯಲ್ಲಿ ಬೆಳೆದದ್ದು ಎಂಬುದನ್ನು ಮರೆತು ಆ ಹಣ ಎಣಿಸುವುದು ನಮಗೆ ಸರಿ ಕಾಣುವುದಿಲ್ಲ. ದೇವಸ್ಥಾನದ ಆವರಣದಲ್ಲಿ ಬಲಿ ಕೊಡುವುದಕ್ಕೂ ರಾಜ್ಯದ 1959ರ ಕಾಯ್ದೆಯ ನಿಷೇಧವಿದೆ. ಕಾಡಂಚಿಗೆ ಬಿಟ್ಟರೆ ಮನೆಯ ಹುಂಜ ಮರ ಹತ್ತಿ ರಾತ್ರಿ ಕಳೆಯುವುದನ್ನು ಕಲಿಯುವ ಮೊದಲೇ ಕಾಡುಬೆಕ್ಕಿನ ಪಾಲು. ಬದುಕಿದರೆ ಅಲ್ಲಿನ ಕಾಡುಕೋಳಿಗಳಿಗೆ ಕೊಕ್ಕರೆ ರೋಗ, ಸಿಡುಬು ಹಂಚುವ ಅಪಾಯ. ಸಾಕಿದ ಪ್ರಾಣಿಯನ್ನು ಹಸಿವಿಗೆ ಬಿಟ್ಟುಬರುವುದೂ ಅದೇ 1960ರ ಕಾಯ್ದೆಯಲ್ಲಿ ಅಪರಾಧವೇ.

ಪ್ರಶ್ನೆ: ಹುಂಜ ಐದು ವರ್ಷದ ಮಗಳ ಮೇಲೆ ಹಾರುತ್ತದೆ. ತಿದ್ದಬಹುದೇ?
(ಹಾಸನದಿಂದ)

ಉತ್ತರ: ದೊಡ್ಡವರ ಮೇಲೆ ಬಂದರೆ ಒದೆಯದೆ, ಓಡದೆ, ಹಿಡಿದು ಕಂಕುಳಲ್ಲಿ ಅದುಮಿ ಹತ್ತು ನಿಮಿಷ ಹೊತ್ತು ತಿರುಗಿದರೆ ಕೆಲವು ಹುಂಜ ತಣ್ಣಗಾಗುತ್ತವೆ. ಒದ್ದರೆ ಅದು ಕಾಳಗವೆಂದೇ ತಿಳಿದು ಮರುದಿನ ಮತ್ತೆ ಬರುತ್ತದೆ. ಮಗುವಿನ ವಿಷಯದಲ್ಲಿ ಪ್ರಯೋಗ ಮಾಡುತ್ತಾ ಕೂರಬೇಡಿ, ಅದು ಹಾರುವ ಎತ್ತರಕ್ಕೆ ಮಗುವಿನ ಕಣ್ಣು ಇರುತ್ತದೆ. ಈ ವಾರವೇ ಅದನ್ನು ತೆಗೆಯಿರಿ. ಬೇರೆ ಮನೆಗೆ ಕೊಡುವುದಾದರೆ ಗುಣ ಮುಚ್ಚಿಡದೆ ಹೇಳಿ. ಅದರ ಬೀಜದ ಮೊಟ್ಟೆಯಿಂದ ಮರಿಯೂ ಮಾಡಿಸಬೇಡಿ, ಈ ಸಿಟ್ಟು ರಕ್ತದಲ್ಲೂ ಇಳಿಯುತ್ತದೆ.

ಪ್ರಶ್ನೆ: ಚೂಪು ಮೊಟ್ಟೆ ಹುಂಜ, ಉರುಟು ಮೊಟ್ಟೆ ಹೇಟೆ ಎನ್ನುತ್ತಾರೆ. ಆರಿಸಿ ಕಾವಿಗಿಟ್ಟರೆ ಹುಂಜ ಕಡಿಮೆಯಾಗುತ್ತವೆಯೇ?
(ತುಮಕೂರಿನಿಂದ)

ಉತ್ತರ: ಇಲ್ಲ. ಗಂಡೋ ಹೆಣ್ಣೋ ಎಂಬುದು ಮೊಟ್ಟೆಗೆ ಚಿಪ್ಪು ಕೂಡುವ ಮೊದಲೇ ಹೇಟೆಯ ಕಡೆಯಿಂದ ತೀರ್ಮಾನವಾಗಿರುತ್ತದೆ. ಚಿಪ್ಪಿನ ಆಕಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಕಾವಿಗಿಟ್ಟಾಗ ಅರ್ಧಕ್ಕರ್ಧ ಹುಂಜ ಬರುತ್ತವೆಂದೇ ಲೆಕ್ಕ ಹಾಕಿ. ಮೊಟ್ಟೆಗಾಗಿ ಮಾತ್ರ ಸಾಕುವವರು ಎಂಟರಿಂದ ಹತ್ತು ವಾರದ, ಲಸಿಕೆಯಾದ ಹೇಟೆಮರಿಗಳನ್ನು ಕೊಳ್ಳುವುದು ಜಾಣತನ. ಆ ವಯಸ್ಸಿಗೆ ಹುಂಜದ ಜುಟ್ಟು ದೊಡ್ಡದಾಗಿ ಕೆಂಪೇರಿ, ಕಾಲು ದಪ್ಪಗಾಗಿರುತ್ತದೆ. ಅನುಮಾನ ಉಳಿದರೆ ಹನ್ನೆರಡನೆಯ ವಾರ ಸೊಂಟದ ಗರಿ ನೋಡಿ: ತುದಿ ಚೂಪಾಗಿ ಹೊಳೆಯುತ್ತಿದ್ದರೆ ಹುಂಜ, ದುಂಡಗಿದ್ದರೆ ಹೇಟೆ. ಮನೆಯಲ್ಲೇ ಮರಿ ಮಾಡಿಸುವವರು ಅದೇ ವಾರ ಹುಂಜಗಳ ಕಾಲಿಗೆ ಬಣ್ಣದ ಉಂಗುರ ಹಾಕಿ ಬೇರೆ ಕಟ್ಟಿಗೆ ಸೇರಿಸಿ.