ಚಿಕ್ಕ ವಯಸ್ಸಿನಲ್ಲೇ ತಿಳಿದಿದ್ದರೆ ಚೆನ್ನಾಗಿತ್ತು ಎನಿಸುವ ಜೀವನಪಾಠ ಯಾವುದು?

ನಾವು ಭಾವಿಸುವಷ್ಟು ಗಮನವಿಟ್ಟು ಜನ ನಮ್ಮನ್ನು ನೋಡುತ್ತಿರುವುದಿಲ್ಲ ಎಂಬುದೇ ಆ ಪಾಠ. ತರಗತಿಯಲ್ಲಿ ಪ್ರಶ್ನೆ ಕೇಳಲು, ಹೊಸ ಭಾಷೆಯಲ್ಲಿ ತಪ್ಪುತಪ್ಪಾಗಿಯಾದರೂ ಮಾತನಾಡಲು ನಾವು ಹಿಂಜರಿಯುವುದು ಬಹುಮಟ್ಟಿಗೆ ಯಾರಾದರೂ ನಕ್ಕಾರೆಂಬ ಅಂಜಿಕೆಯಿಂದ.

ನಮ್ಮ ಮುಜುಗರ ನಮಗೆ ಒಳಗಿನಿಂದ ಪೂರ್ಣ ತೀವ್ರತೆಯಲ್ಲಿ ಅನುಭವಕ್ಕೆ ಬರುವುದರಿಂದ, ಇತರರಿಗೂ ಅದು ಅಷ್ಟೇ ಎದ್ದುಕಾಣುತ್ತದೆಂದು ಮನಸ್ಸು ಅಂದಾಜು ಮಾಡುತ್ತದೆ. ಅವರು ತಮ್ಮ ತಮ್ಮ ಚಿಂತೆಗಳಲ್ಲಿ ಮುಳುಗಿರುತ್ತಾರೆಂಬುದನ್ನು ಅದು ಸಾಕಷ್ಟು ಪರಿಗಣಿಸುವುದಿಲ್ಲ. ಅಮೆರಿಕದ ಮನೋವಿಜ್ಞಾನಿ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಮುಜುಗರ ತರುವ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಕೋಣೆಯೊಂದನ್ನು ಪ್ರವೇಶಿಸಿದ ವಿದ್ಯಾರ್ಥಿಗಳು, ಅಲ್ಲಿದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆ ಚಿತ್ರವನ್ನು ಗುರುತಿಸಿರುತ್ತಾರೆಂದು ಊಹಿಸಿದರು. ನಿಜಕ್ಕೂ ಗುರುತಿಸಿದವರು ಕಾಲುಭಾಗದಷ್ಟು ಮಾತ್ರ.

ಹದಿಹರೆಯದಲ್ಲಿ ಈ ಅಂಜಿಕೆ ಬಹಳ ಬಲವಾಗಿರುತ್ತದೆ, ಹೊಸದನ್ನು ಕಲಿಯುವ ಅವಕಾಶಗಳೂ ಆಗಲೇ ಹೆಚ್ಚು. ಹಾಗಾಗಿ ಈ ತಿಳಿವಳಿಕೆ ತಡವಾಗಿ ಬಂದಷ್ಟೂ ನಷ್ಟ ದೊಡ್ಡದು ಎಂದು ನಾನು ನಂಬುತ್ತೇನೆ. ಆದರೆ ಯಾರೂ ಏನನ್ನೂ ಗಮನಿಸುವುದಿಲ್ಲ ಎಂದು ಇದರ ಅರ್ಥವಲ್ಲ: ನಮ್ಮ ನಡವಳಿಕೆಯಿಂದ ನೊಂದವರು ಅದನ್ನು ಮರೆಯುವುದು ಸುಲಭವಲ್ಲ.